ಯಾರು ಹೇಳಿದ್ದು, ಯಾವಾಗ ಹೇಳಿದ್ದು: ಆನ್‌ಲೈನ್ ವಂಶಾವಳಿ ಶೋಧನೆಯಲ್ಲಿ ಆಕರಗಳನ್ನು ಒರೆಗೆ ಹಚ್ಚುವ ಕ್ರಮ

ಒಂದು ಮರಣ ಪ್ರಮಾಣಪತ್ರದ ಚಿತ್ರ ನಿಮ್ಮ ಕಂಪ್ಯೂಟರ್ ಪರದೆಯ ಮೇಲಿದೆ ಎಂದುಕೊಳ್ಳಿ. ತೀರಿಕೊಂಡವರ ಹೆಸರು, ಮರಣದ ದಿನ, ಕಾರಣ, ವಯಸ್ಸು, ಹುಟ್ಟಿದ ಊರು, ತಂದೆತಾಯಿಯರ ಹೆಸರು ಎಲ್ಲವೂ ಒಂದೇ ಕೈಬರಹದಲ್ಲಿ, ಒಂದೇ ಮಸಿಯಲ್ಲಿ, ಒಂದೇ ಮೊಹರಿನ ಕೆಳಗೆ ಇವೆ. ಮೇಲ್ನೋಟಕ್ಕೆ ಈ ಎಲ್ಲ ವಿವರಗಳ ತೂಕವೂ ಒಂದೇ ಅನ್ನಿಸುತ್ತದೆ. ಆದರೆ ಒಂದು ಅಂಕಣದಲ್ಲಿ, ಮಾಹಿತಿ ನೀಡಿದವರು ಮೃತರ ಅಳಿಯ ಎಂದು ಬರೆದಿದೆ. ಮರಣ ಸಂಭವಿಸಿದಾಗ ಆ ಅಳಿಯ ಮನೆಯಲ್ಲೇ ಇದ್ದಿರಬಹುದು, ಆದ್ದರಿಂದ ಆ ದಿನಾಂಕವನ್ನು ಅವನು ಕಣ್ಣಾರೆ ಕಂಡು ಹೇಳಿದ್ದಾನೆ. ಮಾವ ಎಪ್ಪತ್ತು ವರ್ಷಗಳ ಹಿಂದೆ ಎಲ್ಲಿ ಹುಟ್ಟಿದರು, ಅವರ ತಾಯಿಯ ಹೆಸರೇನು ಎಂಬುದನ್ನು ಮಾತ್ರ ಅವನು ಯಾರಿಂದಲೋ ಕೇಳಿ ತಿಳಿದಿದ್ದಾನೆ, ಅದನ್ನೂ ದುಃಖದ ಗಳಿಗೆಯಲ್ಲಿ ನೆನಪು ಮಾಡಿಕೊಂಡು ಬರೆಸಿದ್ದಾನೆ. ಒಂದೇ ಕಾಗದದಲ್ಲಿ ನಂಬಲು ಯೋಗ್ಯವಾದ ಮಾತೂ ಇದೆ, ಪರೀಕ್ಷಿಸದೆ ನಂಬಲಾಗದ ಮಾತೂ ಇದೆ.

ವಂಶಾವಳಿ ಶೋಧನೆಯಲ್ಲಿ ಆಕರವನ್ನು ಅಳೆಯುವುದೆಂದರೆ ಮುಖ್ಯವಾಗಿ ಇದೇ ಕೆಲಸ. ಪ್ರತಿಯೊಂದು ವಿವರದ ಎದುರಿಗೂ ನಿಂತು, ಇದನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕು. ಸಿಕ್ಕ ಉತ್ತರವನ್ನು ಆಗಲೇ, ಅದೇ ಕೂತಲ್ಲಿ, ಬರೆದಿಡಬೇಕು. ಮೊದಲನೆಯದು ವಿಮರ್ಶೆ, ಎರಡನೆಯದು ಉಲ್ಲೇಖ. ಇವೆರಡನ್ನೂ ಬೇರೆ ಬೇರೆ ದಿನಗಳಿಗೆ ಮುಂದೂಡಿದವರು ಕೊನೆಗೆ ಎರಡನ್ನೂ ಕಳೆದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕೆಳಗಿನ ಹೆಜ್ಜೆಗಳನ್ನು ಆ ಕಾರಣಕ್ಕಾಗಿಯೇ ಒಂದೇ ಸರಣಿಯಲ್ಲಿ ಕೊಡುತ್ತಿದ್ದೇನೆ.

ಹೆಜ್ಜೆ 1: ಆಕರ, ಮಾಹಿತಿ, ಪುರಾವೆ ಮೂರನ್ನೂ ಬಿಡಿಸಿ ನೋಡಿ

ವಂಶಾವಳಿ ಶೋಧಕರು ಈ ಮೂರು ಪದಗಳನ್ನು ಮೂರು ಬೇರೆ ಅರ್ಥಗಳಲ್ಲಿ ಬಳಸುತ್ತಾರೆ. ಆಕರವೆಂದರೆ ವಿವರವನ್ನು ಹೊತ್ತಿರುವ ವಸ್ತು: ನೋಂದಣಿ ಪುಸ್ತಕ, ಉಯಿಲು, ಸಮಾಧಿ ಕಲ್ಲು, ಪತ್ರ, ಸಂದರ್ಶನ ಯಾವುದಾದರೂ ಆಗಬಹುದು. ಅದು ಮೂಲ ರೂಪದಲ್ಲಿರಬಹುದು, ಮೂಲದಿಂದ ಇಳಿಸಿದ ನಕಲಾಗಿರಬಹುದು, ಇಲ್ಲವೇ ಹಲವು ಆಕರಗಳನ್ನು ಓದಿ ಯಾರೋ ಬರೆದ ಕುಟುಂಬ ಚರಿತ್ರೆಯಂಥ ರಚನೆಯಾಗಿರಬಹುದು. ಮಾಹಿತಿಯೆಂದರೆ ಆ ವಸ್ತುವಿನಲ್ಲಿರುವ ಹೇಳಿಕೆ. ಹೇಳಿದವರು ಘಟನೆಯನ್ನು ಸ್ವತಃ ಕಂಡವರಾದರೆ ಅದು ಪ್ರಥಮ ಮಾಹಿತಿ, ಕೇಳಿ ತಿಳಿದವರಾದರೆ ದ್ವಿತೀಯ, ಹೇಳಿದವರು ಯಾರೆಂದೇ ತಿಳಿಯದಿದ್ದರೆ ಅನಿರ್ದಿಷ್ಟ. ಪುರಾವೆಯೆಂದರೆ ನಿಮ್ಮ ಪ್ರಶ್ನೆಗೆ ಆ ಮಾಹಿತಿ ಕೊಡುವ ಉತ್ತರ. ಕೆಲವು ಪುರಾವೆಗಳು ನೇರವಾಗಿ ಉತ್ತರಿಸುತ್ತವೆ, ಕೆಲವನ್ನು ಬೇರೆ ವಿವರಗಳೊಂದಿಗೆ ಜೋಡಿಸಿದರೆ ಮಾತ್ರ ಉತ್ತರ ಹೊರಡುತ್ತದೆ, ಇನ್ನು ಕೆಲವೊಮ್ಮೆ ಇರಬೇಕಾಗಿದ್ದ ಹೆಸರು ಇಲ್ಲದಿರುವುದೇ ಪುರಾವೆಯಾಗುತ್ತದೆ. ತೆರಿಗೆ ಪಟ್ಟಿಯಲ್ಲಿ ವರ್ಷವರ್ಷವೂ ಬರುತ್ತಿದ್ದ ಹೆಸರು ಒಂದು ವರ್ಷದಿಂದ ಮಾಯವಾದರೆ ಆ ಮೌನಕ್ಕೂ ಒಂದು ಅರ್ಥವಿರುತ್ತದೆ.

ಮೂಲ ಎಂಬ ಪದವನ್ನೂ ಎಚ್ಚರಿಕೆಯಿಂದ ಬಳಸಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1841ರಿಂದ 1901ರವರೆಗಿನ ಜನಗಣತಿಯೆಂದು ನಾವು ಇಂದು ಪರದೆಯ ಮೇಲೆ ನೋಡುವ ಪುಟಗಳು ಗಣತಿದಾರರು ಬರೆದ ಪುಸ್ತಕಗಳವು. ಮನೆಯವರು ತುಂಬಿಕೊಟ್ಟ ನಮೂನೆಗಳನ್ನು ನೋಡಿ ಗಣತಿದಾರರು ಅವನ್ನು ನಕಲು ಮಾಡಿಕೊಂಡಿದ್ದರು, ಆ ನಮೂನೆಗಳನ್ನು ಆಮೇಲೆ ನಾಶಪಡಿಸಲಾಯಿತು. ಮನೆಯವರು ತಮ್ಮ ಕೈಯಾರೆ ತುಂಬಿದ ನಮೂನೆಗಳು ಉಳಿದಿರುವುದು 1911ರ ಗಣತಿಯಿಂದ. ಅಂದರೆ 1881ರ ಪುಟದಲ್ಲಿ ತಪ್ಪು ಕಂಡರೆ ಅದು ಮನೆಯವರ ತಪ್ಪೂ ಆಗಿರಬಹುದು, ಗಣತಿದಾರನ ಕೈತಪ್ಪೂ ಆಗಿರಬಹುದು. ಉಳಿದಿರುವ ದಾಖಲೆಗಳಲ್ಲಿ ಘಟನೆಗೆ ಅತ್ಯಂತ ಹತ್ತಿರದ್ದು ಯಾವುದು ಎಂದು ಕೇಳುವುದೇ ಇಲ್ಲಿ ಹೆಚ್ಚು ಉಪಯುಕ್ತವಾದ ಪ್ರಶ್ನೆ.

ಹೆಜ್ಜೆ 2: ಸೂಚಿಯಲ್ಲಿ ನಿಲ್ಲದೆ ಚಿತ್ರದವರೆಗೆ ಹೋಗಿ

ಫ್ಯಾಮಿಲಿಸರ್ಚ್, ಆನ್ಸೆಸ್ಟ್ರಿ, ಮೈಹೆರಿಟೇಜ್‌ನಂಥ ತಾಣಗಳಲ್ಲಿ ಹೆಸರು ಕೊಟ್ಟು ಹುಡುಕಿದಾಗ ಮೊದಲು ಕಾಣುವುದು ಸೂಚಿಯ ಸಾಲು. ಯಾರೋ ಸ್ವಯಂಸೇವಕರು, ಕೆಲಸಗಾರರು ಅಥವಾ ಈಚೆಗೆ ಕೈಬರಹ ಓದಬಲ್ಲ ತಂತ್ರಾಂಶ ದಾಖಲೆಯನ್ನು ಓದಿ ಬೆರಳಚ್ಚು ಮಾಡಿದ ಸಾಲು ಅದು. ದಾಖಲೆಯ ಬಾಗಿಲು ತೋರಿಸುವುದಷ್ಟೇ ಅದರ ಕೆಲಸ. ಹಳೆಯ ಕೈಬರಹದಲ್ಲಿ ಒಂದು ಮತ್ತು ಏಳು ಅಂಕಿಗಳು ಒಂದನ್ನೊಂದು ಹೋಲುತ್ತವೆ, ಹಳೆಯ ಇಂಗ್ಲಿಷಿನ ಉದ್ದ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ. 31 ವರ್ಷದ ತಾಯಿ ಸೂಚಿಯಲ್ಲಿ 37ರವಳಾದರೆ, ಅವಳ ಹುಟ್ಟಿದ ವರ್ಷವೂ ಆರು ವರ್ಷ ಹಿಂದಕ್ಕೆ ಸರಿದು ಬೇರೊಂದು ಕುಟುಂಬದ ಮಗುವಿನೊಂದಿಗೆ ಗಂಟು ಬೀಳುತ್ತದೆ. ಹಳೆಯ ಪತ್ರಿಕೆಗಳ ಸಂಗ್ರಹಗಳಲ್ಲಿ ಯಂತ್ರವೇ ಅಕ್ಷರ ಗುರುತಿಸಿರುವುದರಿಂದ ಅಲ್ಲಿ ಇನ್ನೂ ಹೆಚ್ಚಿನ ತಪ್ಪುಗಳನ್ನು ನಿರೀಕ್ಷಿಸಬೇಕು.

ಚಿತ್ರ ತೆರೆದ ಮೇಲೆ ನಿಮಗೆ ಬೇಕಾದ ಸಾಲನ್ನು ಮಾತ್ರ ಓದಿ ಮುಚ್ಚಬೇಡಿ. ಮೇಲಿನ ಅಂಕಣಗಳ ಶೀರ್ಷಿಕೆ ಓದಿ, ಪುಟದ ಅಂಚಿನ ಟಿಪ್ಪಣಿ ಓದಿ, ಹಿಂದಿನ ಒಂದೆರಡು ಪುಟ ಮತ್ತು ಮುಂದಿನ ಒಂದೆರಡು ಪುಟ ತಿರುವಿ. ಅದೇ ಬರಹಗಾರ ಬೇರೆ ಕಡೆ ಅದೇ ಅಕ್ಷರವನ್ನು ಹೇಗೆ ಬರೆದಿದ್ದಾನೆ ಎಂಬುದು ಅಲ್ಲಿ ತಿಳಿಯುತ್ತದೆ, ಸಂದೇಹದ ಅಕ್ಷರವನ್ನು ಅವನ ಸ್ಪಷ್ಟವಾದ ಅಕ್ಷರದೊಂದಿಗೆ ತಾಳೆ ನೋಡಬಹುದು. ಪುಸ್ತಕದ ಮೊದಲ ಪುಟಗಳಲ್ಲಿ ಕೆಲವೊಮ್ಮೆ ಅದು ನಂತರ ತಯಾರಾದ ಪ್ರತಿ ಎಂಬ ಒಕ್ಕಣೆಯೂ ಸಿಗುತ್ತದೆ. ಅಮೆರಿಕದ 1940ರ ಜನಗಣತಿಯಲ್ಲಿ ಮಾಹಿತಿ ಕೊಟ್ಟ ವ್ಯಕ್ತಿಯ ಹೆಸರಿನ ಬಳಿ ವೃತ್ತದೊಳಗೆ ಗುಣಾಕಾರದ ಗುರುತು ಹಾಕಿರುತ್ತಾರೆ. ಯಾರು ಹೇಳಿದ್ದು ಎಂಬ ನಮ್ಮ ಮುಖ್ಯ ಪ್ರಶ್ನೆಗೆ ದಾಖಲೆಯೇ ಉತ್ತರ ಕೊಡುವ ಅಪರೂಪದ ಸಂದರ್ಭ ಇದು, ಸೂಚಿಯನ್ನಷ್ಟೇ ನೋಡಿದವರಿಗೆ ಆ ಗುರುತು ಕಣ್ಣಿಗೆ ಬೀಳದೆ ಹೋಗಬಹುದು.

ಎಲ್ಲ ಚಿತ್ರಗಳೂ ಮನೆಯಿಂದಲೇ ತೆರೆಯುವುದಿಲ್ಲ. ಫ್ಯಾಮಿಲಿಸರ್ಚ್‌ನ ಹಿಂದಿರುವ ಸಂಸ್ಥೆ 1938ರಲ್ಲಿ ಮೈಕ್ರೊಫಿಲ್ಮ್ ಚಿತ್ರೀಕರಣ ಆರಂಭಿಸಿತು, ಹಾಗೆ ಕೂಡಿಬಂದ ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲೀಕರಣ 2021ರಲ್ಲಿ ಮುಗಿಯಿತು. ಆದರೂ ದಾಖಲೆ ಇಟ್ಟುಕೊಂಡಿರುವವರೊಂದಿಗಿನ ಒಪ್ಪಂದದ ಕಾರಣದಿಂದ ಕೆಲವು ಸಂಗ್ರಹಗಳನ್ನು ಫ್ಯಾಮಿಲಿಸರ್ಚ್‌ನ ಕೇಂದ್ರಗಳಲ್ಲಿ ಅಥವಾ ಸಹಯೋಗಿ ಗ್ರಂಥಾಲಯಗಳಲ್ಲಿ ಮಾತ್ರ ನೋಡಬಹುದು. ಚಿತ್ರ ನೋಡಲಾಗದಿದ್ದರೆ, ಸೂಚಿಯನ್ನು ಮಾತ್ರ ನೋಡಿದ್ದೇನೆ ಎಂದು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದುಕೊಂಡು ಮುಂದುವರಿಯಿರಿ.

ಹೆಜ್ಜೆ 3: ಬೇರೆಯವರ ವಂಶವೃಕ್ಷವನ್ನು ಸುಳಿವೆಂದು ಓದಿ

ಆನ್‌ಲೈನ್ ವಂಶವೃಕ್ಷಗಳಲ್ಲಿ ಕೆಲವು ಒಬ್ಬೊಬ್ಬರ ಸ್ವಂತದವು, ಕೆಲವು ಎಲ್ಲರೂ ಸೇರಿ ತಿದ್ದುವ ಒಂದೇ ದೊಡ್ಡ ವೃಕ್ಷ. ಫ್ಯಾಮಿಲಿಸರ್ಚ್ ಮತ್ತು ವಿಕಿಟ್ರೀ ಎರಡನೆಯ ಬಗೆಯವು, ಅಲ್ಲಿ ನೀವು ನಿನ್ನೆ ನೋಡಿದ ವಿವರವನ್ನು ಇಂದು ಇನ್ನೊಬ್ಬರು ಬದಲಿಸಿರಬಹುದು. ಯಾವ ಬಗೆಯದಾದರೂ ಮೊದಲು ನೋಡಬೇಕಾದದ್ದು ಪ್ರತಿ ವಿವರದ ಜೊತೆಗೆ ಲಗತ್ತಿಸಿದ ಆಕರವನ್ನು. ಆಕರದ ಜಾಗದಲ್ಲಿ ಮತ್ತೊಂದು ವಂಶವೃಕ್ಷದ ಹೆಸರಿದ್ದರೆ ಅಲ್ಲಿ ಹೊಸ ಮಾಹಿತಿಯೇನೂ ಇಲ್ಲ ಎಂದು ತಿಳಿಯಿರಿ.

ಇಪ್ಪತ್ತು ವೃಕ್ಷಗಳಲ್ಲಿ ಒಂದೇ ಜನ್ಮದಿನಾಂಕ ಇದ್ದರೆ ಮನಸ್ಸು ತಾನಾಗಿ ಒಪ್ಪಿಕೊಳ್ಳುತ್ತದೆ. ಹತ್ತೊಂಬತ್ತು ಜನ ಒಬ್ಬರಿಂದ ಎತ್ತಿಕೊಂಡಿದ್ದರೆ ಅಲ್ಲಿರುವುದು ಒಂದೇ ಸಾಕ್ಷಿ. ಅದನ್ನು ಪತ್ತೆ ಹಚ್ಚಲು ತಪ್ಪುಗಳನ್ನೇ ಹಿಂಬಾಲಿಸಬೇಕು. ಊರಿನ ಹೆಸರಿನಲ್ಲಿರುವ ವಿಚಿತ್ರ ಕಾಗುಣಿತ, ಒಂದೇ ಬಿಟ್ಟುಹೋದ ಮಗು, ಒಂದೇ ಅಸಾಧ್ಯ ದಿನಾಂಕ ಎಲ್ಲ ವೃಕ್ಷಗಳಲ್ಲೂ ಕಂಡರೆ ಅವೆಲ್ಲ ಒಂದೇ ಬುಡದಿಂದ ಹೊರಟ ಕೊಂಬೆಗಳು. ತಾಣಗಳು ತಾವಾಗಿ ತೋರಿಸುವ ಸುಳಿವುಗಳೂ ಹೆಸರು ಮತ್ತು ದಿನಾಂಕಗಳ ಹೋಲಿಕೆಯಿಂದ ಹೊರಡುವಂಥವು, ಒಂದೇ ಒತ್ತಿಗೆ ಅವನ್ನು ಒಪ್ಪಿಕೊಳ್ಳುವ ಗುಂಡಿ ಇರುವುದರಿಂದಲೇ ತಪ್ಪು ಇಷ್ಟು ಬೇಗ ಹರಡುತ್ತದೆ. ಆ ಗುಂಡಿ ಒತ್ತುವ ಮುನ್ನ ಲಗತ್ತಾಗಿರುವ ದಾಖಲೆಯನ್ನು ತೆರೆದು ಓದುವ ನಿಯಮವೊಂದನ್ನು ನಿಮಗೆ ನೀವೇ ಹಾಕಿಕೊಳ್ಳಿ.

ಅಚ್ಚಾದ ಪುಸ್ತಕಗಳಿಗೂ ಇದೇ ಮಾತು ಸಲ್ಲುತ್ತದೆ. ಗುಸ್ತಾವ್ ಆಂಜೂ (1863–1942) ಎಂಬಾತ ಅಮೆರಿಕದ ಸಿರಿವಂತ ಕುಟುಂಬಗಳಿಗೆ ಹಣ ಪಡೆದು ವಂಶಾವಳಿ ರಚಿಸಿಕೊಡುತ್ತಿದ್ದ. ನಿಜವಾದ ದಾಖಲೆಗಳ ನಡುವೆ ಕಲ್ಪಿತ ದಾಖಲೆಗಳನ್ನು ಸೇರಿಸಿ, ವಲಸಿಗನೊಬ್ಬನನ್ನು ಹಳೆಯ ಘನವಂತ ಮನೆತನಕ್ಕೆ ಜೋಡಿಸುವುದು ಅವನ ವಿಧಾನವಾಗಿತ್ತು. ಅವನ ಪುಟಗಳಲ್ಲಿ ಉಲ್ಲೇಖಗಳಿಗೆ ಕೊರತೆಯಿರಲಿಲ್ಲ, ಅವುಗಳಲ್ಲಿ ನಿರ್ಣಾಯಕವಾದ ಕೆಲವಕ್ಕೆ ಮಾತ್ರ ಬುಡವಿರಲಿಲ್ಲ. ಆ ಕಟ್ಟುಕಥೆಗಳು ಗ್ರಂಥಾಲಯಗಳನ್ನು ಹೊಕ್ಕು, ಅಲ್ಲಿಂದ ಇಂದಿನ ವೃಕ್ಷಗಳಿಗೂ ಹರಿದಿವೆ. ರಾಜಮನೆತನಕ್ಕೋ ಪ್ರಸಿದ್ಧ ವ್ಯಕ್ತಿಗೋ ನಿಮ್ಮ ಕುಟುಂಬವನ್ನು ಕೂಡಿಸುವ ಕೊಂಡಿ ಸಿಕ್ಕಾಗ ಖುಷಿಯಾಗುವುದು ಸಹಜ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನೆನೆಯಬೇಕಾದದ್ದು ಆ ಖುಷಿಯ ಕ್ಷಣದಲ್ಲಿಯೇ.

ಹೆಜ್ಜೆ 4: ಆ ದಾಖಲೆ ಇರಲು ಸಾಧ್ಯವೇ ಎಂದು ಕೇಳಿ

ಇದು ಚಿಕ್ಕ ಪರೀಕ್ಷೆ, ಆದರೆ ಬಹಳ ಶ್ರಮ ಉಳಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು, ಸ್ಕಾಟ್ಲೆಂಡಿನಲ್ಲಿ 1855ರಲ್ಲಿ. ಲಂಡನ್ನಿನಲ್ಲಿ 1810ರಲ್ಲಿ ಹುಟ್ಟಿದ ಮಗುವಿನ ಸರ್ಕಾರಿ ಜನನ ನೋಂದಣಿಯನ್ನು ಯಾರಾದರೂ ಆಧಾರವಾಗಿ ಕೊಟ್ಟಿದ್ದರೆ ಅವರು ನೋಡಿದ್ದು ಬೇರೇನನ್ನೋ. ಅಮೆರಿಕದ 1890ರ ಜನಗಣತಿಯ ಬಹುಪಾಲು 1921ರ ಬೆಂಕಿ ಮತ್ತು ಅದರ ನಂತರದ ವಿಲೇವಾರಿಯಲ್ಲಿ ಇಲ್ಲವಾಯಿತು, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ 1922ರ ಜೂನ್‌ನಲ್ಲಿ ನಾಶವಾಯಿತು. ನೀವು ಶೋಧಿಸುತ್ತಿರುವ ಪ್ರದೇಶದಲ್ಲಿ ಯಾವ ದಾಖಲೆ ಯಾವ ವರ್ಷದಿಂದ ಶುರು, ಯಾವುದು ಉಳಿದಿದೆ, ಯಾವುದು ಇನ್ನೂ ಗೋಪ್ಯತೆಯ ಅವಧಿಯೊಳಗಿದೆ ಎಂದು ಮೊದಲೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳಿ. ಅಮೆರಿಕದಲ್ಲಿ ಜನಗಣತಿಯ ವೈಯಕ್ತಿಕ ವಿವರಗಳು 72 ವರ್ಷಗಳ ನಂತರ ತೆರೆಯುತ್ತವೆ, ಹಾಗಾಗಿ 1950ರದ್ದು ಸಾರ್ವಜನಿಕವಾದದ್ದು 2022ರ ಏಪ್ರಿಲ್‌ನಲ್ಲಿ.

ಹೆಜ್ಜೆ 5: ದಿನಾಂಕ, ಊರು, ಹೆಸರುಗಳನ್ನು ಅವುಗಳ ಕಾಲದಲ್ಲಿಟ್ಟು ಓದಿ

ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಅವರ ನೆಲದಲ್ಲಿ ನಡೆಯುತ್ತಿದ್ದ ಲೆಕ್ಕದ ಪ್ರಕಾರ ಅದು 1731ರ ಫೆಬ್ರವರಿ 11. ಇಂದಿನ ಲೆಕ್ಕದಲ್ಲಿ ಅದೇ ದಿನ 1732ರ ಫೆಬ್ರವರಿ 22. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಜೂಲಿಯನ್ ಪಂಚಾಂಗ ಬಿಟ್ಟು ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಾಗ ಸೆಪ್ಟೆಂಬರ್ 2ರ ಮಾರನೆಯ ದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಲಾಯಿತು. ಅದಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ ಆ ಕಾಲದ ದಾಖಲೆಯಲ್ಲಿ ಅಕ್ಟೋಬರ್‌ನಲ್ಲಿ ಮದುವೆಯಾಗಿ, ಅದೇ ವರ್ಷದ ಫೆಬ್ರವರಿಯಲ್ಲಿ ಗಂಡ ತೀರಿಕೊಂಡ ಎಂದಿದ್ದರೆ ಅಲ್ಲಿ ತಪ್ಪೇನೂ ಇಲ್ಲ, ಫೆಬ್ರವರಿ ಅಕ್ಟೋಬರಿನ ನಂತರ ಬರುತ್ತಿತ್ತು. ರಷ್ಯಾದಲ್ಲಿ ಈ ಬದಲಾವಣೆ 1918ರಲ್ಲಿ ಆಯಿತು, ಜನವರಿ 31ರ ಮರುದಿನ ಫೆಬ್ರವರಿ 14. ಟಿಪ್ಪಣಿಯಲ್ಲಿ ದಾಖಲೆಯ ದಿನಾಂಕವನ್ನು ಇದ್ದದ್ದು ಇದ್ದಂತೆ ಬರೆದು, ಇಂದಿನ ಲೆಕ್ಕದ ದಿನಾಂಕವನ್ನು ಪಕ್ಕದಲ್ಲಿ ಬೇರೆಯಾಗಿ ಕೊಡಿ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, 3/4/1880 ಎಂಬುದನ್ನು ಒಂದು ದೇಶದವರು ಏಪ್ರಿಲ್ 3 ಎಂದೂ ಇನ್ನೊಂದು ದೇಶದವರು ಮಾರ್ಚ್ 4 ಎಂದೂ ಓದುತ್ತಾರೆ.

ದೀಕ್ಷಾಸ್ನಾನದ ದಿನವನ್ನು ಹುಟ್ಟಿದ ದಿನವೆಂದು ಬರೆದುಕೊಳ್ಳುವುದು ವೃಕ್ಷಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಶೇಕ್ಸ್‌ಪಿಯರ್‌ಗೆ ದೀಕ್ಷಾಸ್ನಾನವಾದದ್ದು 1564ರ ಏಪ್ರಿಲ್ 26ರಂದು ಎಂಬುದಕ್ಕೆ ಚರ್ಚಿನ ದಾಖಲೆಯಿದೆ. ಏಪ್ರಿಲ್ 23 ಎಂಬ ಜನ್ಮದಿನ ರೂಢಿಯಿಂದ ಬಂದದ್ದು, ಅದಕ್ಕೆ ದಾಖಲೆಯಿಲ್ಲ. ಜಗತ್ತೇ ಅಷ್ಟು ಶೋಧಿಸಿದ ವ್ಯಕ್ತಿಯ ವಿಷಯದಲ್ಲೇ ಹೀಗಿರುವಾಗ ನಮ್ಮ ಪೂರ್ವಜರ ಬಗ್ಗೆ ದಾಖಲೆ ಎಷ್ಟು ಹೇಳುತ್ತದೋ ಅಷ್ಟನ್ನೇ ಬರೆಯುವುದು ಪ್ರಾಮಾಣಿಕತೆ.

ಊರಿನ ಹೆಸರನ್ನೂ ಘಟನೆ ನಡೆದ ಕಾಲದ್ದನ್ನೇ ಬರೆಯಬೇಕು. ಇಂದಿನ ಉಕ್ರೇನಿನ ಲ್ವಿವ್ ನಗರ ಆಸ್ಟ್ರಿಯಾದ ಆಳ್ವಿಕೆಯಲ್ಲಿ ಲೆಂಬರ್ಗ್ ಆಗಿತ್ತು, ಪೋಲೆಂಡಿನಲ್ಲಿದ್ದಾಗ ಲ್ವೂಫ್ ಆಗಿತ್ತು. ಒಂದೇ ಮನೆಯ ಮೂರು ತಲೆಮಾರಿನವರು ಮೂರು ದೇಶಗಳಲ್ಲಿ ಹುಟ್ಟಿದಂತೆ ದಾಖಲೆಯಲ್ಲಿ ಕಾಣಬಹುದು. ದಾಖಲೆ ಯಾವ ದೇಶದ ಪತ್ರಾಗಾರದಲ್ಲಿ ಸಿಗುತ್ತದೆ ಎಂಬುದೂ ಇದರ ಮೇಲೆಯೇ ನಿಂತಿದೆ.

ಹೆಸರುಗಳ ವಿಷಯದಲ್ಲಿ ಒಂದು ಜನಪ್ರಿಯ ಕಥೆಯನ್ನು ಇಲ್ಲಿಯೇ ಬದಿಗಿಡುವುದು ಒಳ್ಳೆಯದು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಅಧಿಕಾರಿಗಳು ಉಚ್ಚರಿಸಲಾಗದೆ ನಮ್ಮ ಕುಲನಾಮ ಬದಲಿಸಿಬಿಟ್ಟರು ಎಂದು ಅನೇಕ ಕುಟುಂಬಗಳಲ್ಲಿ ಹೇಳಿಕೊಂಡು ಬರುತ್ತಾರೆ. 1892ರಿಂದ 1954ರವರೆಗೆ ನಡೆದ ಆ ಕೇಂದ್ರದಲ್ಲಿ ಅಧಿಕಾರಿಗಳು ಕೈಯಲ್ಲಿ ಹಿಡಿಯುತ್ತಿದ್ದದ್ದು ಹಡಗಿನ ಕಂಪನಿಯವರು ತಯಾರಿಸಿ ತಂದ ಪ್ರಯಾಣಿಕರ ಪಟ್ಟಿ, ಹೊಸ ಹೆಸರು ಬರೆಯುವುದು ಅವರ ಕೆಲಸವಾಗಿರಲಿಲ್ಲ. ಹೆಸರು ಬದಲಾದದ್ದು ಸಾಮಾನ್ಯವಾಗಿ ಆಮೇಲೆ, ಕುಟುಂಬದವರದೇ ಆಯ್ಕೆಯಿಂದ. ಈ ಕಥೆಯನ್ನು ನಂಬಿದವರು ಹೊರಟ ಬಂದರಿನ ಪಟ್ಟಿಯಲ್ಲಿ ಹಳೆಯ ಹೆಸರನ್ನು ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ, ನಷ್ಟವಾಗುವುದು ಅಲ್ಲಿ.

ಹೆಜ್ಜೆ 6: ಹೆಸರು ಒಂದಾದರೆ ಮನುಷ್ಯ ಒಬ್ಬನೇ ಎಂದುಕೊಳ್ಳಬೇಡಿ

ವಂಶಾವಳಿಯಲ್ಲಿ ಅತ್ಯಂತ ದುಬಾರಿಯಾದ ತಪ್ಪು ಇದು, ಏಕೆಂದರೆ ಒಬ್ಬ ತಪ್ಪು ವ್ಯಕ್ತಿಯನ್ನು ಸೇರಿಸಿಕೊಂಡರೆ ಅವರ ಹಿಂದಿನ ಎಲ್ಲ ತಲೆಮಾರುಗಳೂ ಬೇರೆಯವರ ಪೂರ್ವಜರಾಗಿಬಿಡುತ್ತಾರೆ. ಒಂದೇ ಊರಿನಲ್ಲಿ, ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರು ಸೋದರಸಂಬಂಧಿಗಳು ಇದ್ದದ್ದು ಅಪರೂಪವೇನಲ್ಲ. ಚಿಕ್ಕಂದಿನಲ್ಲೇ ತೀರಿಕೊಂಡ ಮಗುವಿನ ಹೆಸರನ್ನು ನಂತರ ಹುಟ್ಟಿದ ಮಗುವಿಗೆ ಇಡುವುದೂ ಹಲವು ಸಮಾಜಗಳಲ್ಲಿ ಇತ್ತು, ಆಗ ನೀವು ಕಂಡ ಜನನ ದಾಖಲೆ ಬದುಕಿ ಉಳಿಯದ ಅಣ್ಣನದ್ದಾಗಿರಬಹುದು. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಸೀನಿಯರ್, ಜೂನಿಯರ್ ಎಂಬ ಪದಗಳು ತಂದೆ-ಮಗ ಎಂಬ ಅರ್ಥವನ್ನೇ ಕೊಡಬೇಕಾಗಿರಲಿಲ್ಲ, ಒಂದೇ ಊರಿನ, ಒಂದೇ ಹೆಸರಿನ ಇಬ್ಬರಲ್ಲಿ ಹಿರಿಯ ಮತ್ತು ಕಿರಿಯ ಎಂದಷ್ಟೇ ಸೂಚಿಸುತ್ತಿದ್ದವು.

ಇದಕ್ಕೆ ಪರಿಹಾರವೆಂದರೆ ವ್ಯಕ್ತಿಯನ್ನು ಒಬ್ಬಂಟಿಯಾಗಿ ಹುಡುಕದಿರುವುದು. ವೃತ್ತಿ, ಹೆಂಡತಿಯ ಹೆಸರು, ಮದುವೆಯ ಸಾಕ್ಷಿಗಳು, ನೆರೆಹೊರೆಯವರು, ಜಮೀನಿನ ಗಡಿ, ಸಹಿ ಇವೆಲ್ಲವನ್ನೂ ಎರಡು ದಾಖಲೆಗಳ ನಡುವೆ ತಾಳೆ ಹಾಕಿ. ಅದೇ ಹೆಸರಿನ ಇನ್ನೊಬ್ಬನ ಕಥೆಯನ್ನೂ ಕೊನೆಯವರೆಗೆ ಬಿಡಿಸಿ ನೋಡಿ. ಅವನು ಇಪ್ಪತ್ತೈದರಲ್ಲಿ ತೀರಿಕೊಂಡಿದ್ದರೆ ನಿಮ್ಮ ಪೂರ್ವಜ ಅವನಲ್ಲ ಎಂದು ನೆಮ್ಮದಿಯಾಗಿ ಹೇಳಬಹುದು. ಡಿಎನ್‌ಎ ಪರೀಕ್ಷೆ ಇಬ್ಬರು ಜೀವಂತ ವ್ಯಕ್ತಿಗಳ ನಡುವೆ ರಕ್ತಸಂಬಂಧವಿದೆಯೇ ಎಂದು ಹೇಳುತ್ತದೆ, ಆ ಸಂಬಂಧ ಯಾವ ಪೂರ್ವಜರ ಮೂಲಕ ಬಂದಿದೆ ಎಂಬುದನ್ನು ಮತ್ತೆ ಕಾಗದಗಳಿಂದಲೇ ಬಿಡಿಸಬೇಕು.

ಹೆಜ್ಜೆ 7: ದಾಖಲೆಗಳು ಒಂದನ್ನೊಂದು ಅಲ್ಲಗಳೆದಾಗ

ಒಬ್ಬ ಮಹಿಳೆಯ ವಯಸ್ಸು ಇಂಗ್ಲೆಂಡಿನ 1851ರ ಗಣತಿಯಲ್ಲಿ 24, 1861ರಲ್ಲಿ 36, 1871ರಲ್ಲಿ 44 ಎಂದು ಇದೆ ಎಂದುಕೊಳ್ಳೋಣ. ಮೂರರ ಸರಾಸರಿ ತೆಗೆಯುವುದು ಬಹುಶಃ ಎಲ್ಲಕ್ಕಿಂತ ಕೆಟ್ಟ ದಾರಿ. ಮೊದಲು ಪ್ರತಿಯೊಂದರಿಂದ ಹುಟ್ಟಿದ ಅವಧಿಯನ್ನು ಲೆಕ್ಕ ಹಾಕಬೇಕು. 1851ರ ಗಣತಿ ಮಾರ್ಚ್ 30ರ ರಾತ್ರಿಯದು, ಆದ್ದರಿಂದ ಅವಳು ಹುಟ್ಟಿದ್ದು 1826ರ ಮಾರ್ಚ್ ಕೊನೆಯಿಂದ 1827ರ ಮಾರ್ಚ್ ಕೊನೆಯ ನಡುವೆ. 1871ರ ಗಣತಿ ಏಪ್ರಿಲ್ 2ರದ್ದು, ಅದೂ ಹೆಚ್ಚುಕಡಿಮೆ ಅದೇ ಅವಧಿಯನ್ನು ಕೊಡುತ್ತದೆ. 1861ರದ್ದು ಮಾತ್ರ 1824–25ಕ್ಕೆ ಒಯ್ಯುತ್ತದೆ. ಈಗ ಮತ್ತೆ ಆ ಹಳೆಯ ಪ್ರಶ್ನೆ: ಯಾರು ಹೇಳಿದ್ದು? 1851ರಲ್ಲಿ ಅವಳು ತಂದೆತಾಯಿಯರ ಮನೆಯಲ್ಲಿದ್ದಳು, 1871ರಲ್ಲಿ ಗಂಡನ ಜೊತೆಗಿದ್ದಳು, 1861ರಲ್ಲಿ ಮಾತ್ರ ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದಳು. ನಮೂನೆ ತುಂಬುವ ಹೊಣೆ ಮನೆಯ ಯಜಮಾನನದು, ಕೆಲಸದಾಕೆಯ ವಯಸ್ಸನ್ನು ಅವನು ಅಂದಾಜಿನಲ್ಲಿ ಬರೆದಿರುವ ಸಾಧ್ಯತೆ ಹೆಚ್ಚು. 1826ರ ಅಕ್ಟೋಬರಿನಲ್ಲಿ ಅದೇ ತಂದೆತಾಯಿಯರ ಮಗುವಿಗೆ ಅದೇ ಹೆಸರಿನಲ್ಲಿ ದೀಕ್ಷಾಸ್ನಾನವಾದ ದಾಖಲೆಯೂ ಸಿಕ್ಕರೆ ತೀರ್ಮಾನ ಗಟ್ಟಿಯಾಗುತ್ತದೆ.

ಈ ತರ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು, ನಾಲ್ಕಾರು ವಾಕ್ಯಗಳಲ್ಲಿ ಬರೆದಿಡಬೇಕು. 1861ರ ದಾಖಲೆಯನ್ನು ಅಳಿಸಬಾರದು, ಅದನ್ನು ಏಕೆ ಕಡಿಮೆ ತೂಕದ್ದೆಂದು ಪರಿಗಣಿಸಿದಿರಿ ಎಂದು ಹೇಳಬೇಕು. 1841ರ ಗಣತಿ ಸಿಕ್ಕರೆ ಇನ್ನೊಂದು ಎಚ್ಚರ ಬೇಕು. ಆಗ ಹದಿನೈದು ದಾಟಿದವರ ವಯಸ್ಸನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಿ ಬರೆಯಲು ಗಣತಿದಾರರಿಗೆ ಸೂಚನೆಯಿತ್ತು, 34ರವನು 30 ಆಗುತ್ತಿದ್ದ. ನಿಯಮ ತಿಳಿಯದವರಿಗೆ ಅದು ವಿರೋಧವಾಗಿ ಕಾಣುತ್ತದೆ, ತಿಳಿದವರಿಗೆ ಅದು ಹೊಂದಿಕೆ.

ಅಮೆರಿಕದಲ್ಲಿ 1964ರಲ್ಲಿ ಸ್ಥಾಪನೆಯಾದ ಬೋರ್ಡ್ ಫಾರ್ ಸರ್ಟಿಫಿಕೇಶನ್ ಆಫ್ ಜೀನಿಯಾಲಜಿಸ್ಟ್ಸ್ ಎಂಬ ಸಂಸ್ಥೆ ವಂಶಾವಳಿಯ ತೀರ್ಮಾನಗಳಿಗೆ ಒಂದು ಪ್ರಮಾಣವನ್ನು ರೂಪಿಸಿದೆ. ಸಾಧ್ಯವಿರುವಷ್ಟು ವ್ಯಾಪಕವಾಗಿ ಹುಡುಕಿರಬೇಕು, ಪ್ರತಿ ಹೇಳಿಕೆಗೂ ಪೂರ್ಣ ಉಲ್ಲೇಖವಿರಬೇಕು, ಪುರಾವೆಗಳನ್ನು ವಿಶ್ಲೇಷಿಸಿ ತಾಳೆ ನೋಡಿರಬೇಕು, ವಿರೋಧಗಳನ್ನು ಬಗೆಹರಿಸಿರಬೇಕು, ತೀರ್ಮಾನವನ್ನು ತರ್ಕಬದ್ಧವಾಗಿ ಬರೆದಿರಬೇಕು ಎಂಬುದು ಅದರ ಸಾರ. ವೃತ್ತಿಪರರಿಗಾಗಿ ಹುಟ್ಟಿದ ಪ್ರಮಾಣವಾದರೂ ಮನೆಮಟ್ಟಿಗೆ ಶೋಧಿಸುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ.

ಹೆಜ್ಜೆ 8: ಉಲ್ಲೇಖವನ್ನು ಎರಡು ಪದರದಲ್ಲಿ ಬರೆಯಿರಿ

ಆನ್‌ಲೈನ್ ಆಕರಕ್ಕೆ ಉಲ್ಲೇಖ ಬರೆಯುವಾಗ ಕೊಂಡಿಯೊಂದನ್ನು ಅಂಟಿಸಿ ಮುಗಿಸುವವರೇ ಹೆಚ್ಚು. ಕೊಂಡಿ ಮುರಿದ ದಿನ, ಅಥವಾ ಚಂದಾ ಮುಗಿದ ದಿನ, ಅವರ ಬಳಿ ಏನೂ ಉಳಿದಿರುವುದಿಲ್ಲ. ಮೊದಲ ಪದರದಲ್ಲಿ ಮೂಲ ದಾಖಲೆಯ ಗುರುತು ಇರಬೇಕು: ಅದನ್ನು ಸೃಷ್ಟಿಸಿದವರು ಯಾರು, ಅದು ಯಾವ ಬಗೆಯ ದಾಖಲೆ, ಯಾವ ದಿನದ್ದು, ಅದರೊಳಗೆ ನಮ್ಮ ವಿವರ ಯಾವ ಪುಟದ ಯಾವ ಸಾಲಿನಲ್ಲಿದೆ, ದಾಖಲೆ ಯಾವ ಪತ್ರಾಗಾರದಲ್ಲಿ ಯಾವ ಸಂಖ್ಯೆಯಡಿ ಇದೆ. ಎರಡನೆಯ ಪದರದಲ್ಲಿ ನೀವು ನೋಡಿದ ರೂಪ ಇರಬೇಕು: ಯಾವ ತಾಣ, ಅಲ್ಲಿನ ಸಂಗ್ರಹದ ಹೆಸರು, ಚಿತ್ರವೋ ಸೂಚಿಯೋ, ಚಿತ್ರದ ಸಂಖ್ಯೆ, ಕೊಂಡಿ, ನೋಡಿದ ದಿನಾಂಕ.

ಉದಾಹರಣೆಗೆ ಇಂಗ್ಲೆಂಡಿನ 1881ರ ಗಣತಿಯ ಒಂದು ಪುಟಕ್ಕೆ ಉಲ್ಲೇಖ ಹೀಗೆ ಸಾಗುತ್ತದೆ:

‘ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿ, 3 ಏಪ್ರಿಲ್ 1881, ಕೌಂಟಿ, ಪ್ಯಾರಿಷ್ ಮತ್ತು ಬೀದಿಯ ಹೆಸರು, ಕುಟುಂಬದ ಯಜಮಾನನ ಹೆಸರು, ಕುಟುಂಬದ ಕ್ರಮಸಂಖ್ಯೆ, ದಿ ನ್ಯಾಷನಲ್ ಆರ್ಕೈವ್ಸ್, ಕ್ಯೂ, ಆರ್‌ಜಿ 11, ಪೀಸ್ ಸಂಖ್ಯೆ, ಫೋಲಿಯೊ ಸಂಖ್ಯೆ, ಪುಟ ಸಂಖ್ಯೆ, ಡಿಜಿಟಲ್ ಚಿತ್ರ, ತಾಣದ ಹೆಸರು, ಸಂಗ್ರಹದ ಹೆಸರು, ಕೊಂಡಿ, ನೋಡಿದ ದಿನಾಂಕ.’

ಇಲ್ಲಿ ಆರ್‌ಜಿ 11 ಎಂಬುದು ಆ ಪತ್ರಾಗಾರ 1881ರ ಗಣತಿಗೆ ಕೊಟ್ಟಿರುವ ಸರಣಿ ಸಂಖ್ಯೆ. ಪೀಸ್ (ಆ ಸರಣಿಯೊಳಗಿನ ಒಂದು ಕಟ್ಟು), ಫೋಲಿಯೊ (ಅದರೊಳಗಿನ ಹಾಳೆ), ಪುಟ ಮೂರನ್ನೂ ಬರೆದಿಟ್ಟರೆ ತಾಣವೇ ಮುಚ್ಚಿಹೋದರೂ ಅದೇ ಹಾಳೆಯನ್ನು ಬೇರೆ ತಾಣದಲ್ಲಿ ಯಾರು ಬೇಕಾದರೂ ಹುಡುಕಿ ತೆಗೆಯಬಹುದು. ಅಲ್ಪವಿರಾಮ ಎಲ್ಲಿ, ಅರ್ಧವಿರಾಮ ಎಲ್ಲಿ ಎಂಬುದಕ್ಕೆ ಬೇರೆ ಬೇರೆ ಶೈಲಿಗಳಿವೆ, ಯಾವುದಾದರೊಂದನ್ನು ಹಿಡಿದು ಅದರಲ್ಲೇ ಇರಿ. ವಿವರಗಳು ಪೂರ್ತಿ ಇರುವುದು ವಿರಾಮಚಿಹ್ನೆಗಳಿಗಿಂತ ಮುಖ್ಯ.

ಕೊಂಡಿಯನ್ನು ವಿಳಾಸಪಟ್ಟಿಯಿಂದ ನೇರವಾಗಿ ನಕಲು ಮಾಡುವ ಮುನ್ನ ಅದು ಹುಡುಕಾಟದ ಫಲಿತಾಂಶದ ಕೊಂಡಿಯೋ ದಾಖಲೆಯ ಸ್ಥಿರ ಕೊಂಡಿಯೋ ಎಂದು ನೋಡಿ. ಫ್ಯಾಮಿಲಿಸರ್ಚ್‌ನಲ್ಲಿ ‘ಆರ್ಕ್’ ಎಂದು ಆರಂಭವಾಗುವ ಸ್ಥಿರ ಗುರುತುಗಳಿವೆ, ಅವನ್ನೇ ಬಳಸಿ. ಯಾರದಾದರೂ ವೈಯಕ್ತಿಕ ಪುಟವನ್ನು ಆಧಾರವಾಗಿಟ್ಟರೆ ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದರ ಪ್ರತಿಯನ್ನು ಉಳಿಸಿ ಆ ವಿಳಾಸವನ್ನೂ ಸೇರಿಸಿ. ತಾಣದ ನಿಯಮ ಅನುಮತಿಸಿದರೆ ಚಿತ್ರವನ್ನು ಇಳಿಸಿಕೊಂಡು, ವರ್ಷ, ದಾಖಲೆಯ ಬಗೆ, ಊರು, ಹೆಸರು ಎಂಬ ಕ್ರಮದಲ್ಲಿ ಕಡತಕ್ಕೆ ಹೆಸರಿಡಿ. ಇಡೀ ವೃಕ್ಷವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಜೆಡ್‌ಕಾಮ್ (ವಂಶಾವಳಿ ತಂತ್ರಾಂಶಗಳ ನಡುವೆ ವಿವರ ಸಾಗಿಸುವ ಸಾಮಾನ್ಯ ರೂಪ) ಕಡತದ ಮೂಲಕ ಸಾಗಿಸುವಾಗ ಉಲ್ಲೇಖಗಳು ಚೆಲ್ಲಾಪಿಲ್ಲಿಯಾಗುವುದುಂಟು, ಸಾಗಿಸಿದ ಮೇಲೆ ಹತ್ತಿಪ್ಪತ್ತು ವ್ಯಕ್ತಿಗಳ ಟಿಪ್ಪಣಿಗಳನ್ನಾದರೂ ತೆರೆದು ಪರೀಕ್ಷಿಸಿ.

ಬೇರೊಬ್ಬರು ಉಲ್ಲೇಖಿಸಿದ ದಾಖಲೆಯನ್ನು ನೀವು ನೋಡಿಲ್ಲದಿದ್ದರೆ ನೋಡಿದಂತೆ ಬರೆಯಬೇಡಿ. ನೀವು ಓದಿದ್ದು ಅವರ ಬರಹ, ಅವರು ಆಧಾರವಾಗಿ ಹೇಳಿದ್ದು ಇಂಥ ದಾಖಲೆ ಎಂದು ಎರಡನ್ನೂ ಹೇಳಿ. ಗುಸ್ತಾವ್ ಆಂಜೂನ ಕಲ್ಪಿತ ದಾಖಲೆಗಳಂಥವು ದೀರ್ಘಕಾಲ ಬದುಕುವುದಕ್ಕೆ ನೋಡದೆ ಉಲ್ಲೇಖಿಸುವ ಅಭ್ಯಾಸವೇ ದಾರಿ ಮಾಡಿಕೊಡುತ್ತದೆ.

ಹೆಜ್ಜೆ 9: ಮನೆಯವರ ಮಾತಿಗೂ, ಸಿಗದೇ ಹೋದದ್ದಕ್ಕೂ ಉಲ್ಲೇಖ ಬರೆಯಿರಿ

ಹಿರಿಯರ ನೆನಪು ಕೂಡ ಆಕರವೇ. ಹೇಳಿದವರ ಹೆಸರು, ಅವರಿಗೂ ಆ ಪೂರ್ವಜರಿಗೂ ಇರುವ ಸಂಬಂಧ, ಮಾತಾಡಿದ ದಿನ, ಅದು ಅವರು ಕಂಡದ್ದೋ ಕೇಳಿದ್ದೋ ಎಂಬ ನಾಲ್ಕು ವಿಷಯ ಬರೆದರೆ ಸಾಕು. ಅಜ್ಜಿ ತನ್ನ ಅತ್ತೆಯ ಬಗ್ಗೆ ಹೇಳಿದ್ದಕ್ಕೂ, ತಾನು ಕಾಣದ ಮುತ್ತಜ್ಜನ ಬಗ್ಗೆ ಹೇಳಿದ್ದಕ್ಕೂ ತೂಕದಲ್ಲಿ ವ್ಯತ್ಯಾಸವಿದೆ, ಆ ವ್ಯತ್ಯಾಸ ಟಿಪ್ಪಣಿಯಲ್ಲಿ ಕಾಣಬೇಕು. ಧ್ವನಿಮುದ್ರಣಕ್ಕೆ ಮೊದಲೇ ಒಪ್ಪಿಗೆ ಕೇಳಿ. ಬದುಕಿರುವವರ ಜನ್ಮದಿನಾಂಕ, ವಿಳಾಸ, ದತ್ತು ಅಥವಾ ವಿಚ್ಛೇದನದಂಥ ವಿವರಗಳನ್ನು ಸಾರ್ವಜನಿಕ ವೃಕ್ಷದಲ್ಲಿ ಹಾಕಬೇಡಿ.

ಕೊನೆಯದಾಗಿ, ಒಂದು ಶೋಧನಾ ದಿನಚರಿ ಇಟ್ಟುಕೊಳ್ಳಿ. ದಿನಾಂಕ, ಹುಡುಕಿದ ಸಂಗ್ರಹ, ಅದು ಒಳಗೊಂಡ ವರ್ಷಗಳು, ಬಳಸಿದ ಹೆಸರಿನ ಎಲ್ಲ ಕಾಗುಣಿತಗಳು, ಫಲಿತಾಂಶ ಇಷ್ಟೇ ಅಂಕಣ ಸಾಕು. ಏನೂ ಸಿಗಲಿಲ್ಲ ಎಂಬ ಸಾಲಿಗೂ ಅಲ್ಲಿ ಪೂರ್ಣ ಸ್ಥಾನವಿರಲಿ. ಸಂಗ್ರಹಗಳಿಗೆ ಹೊಸ ಚಿತ್ರಗಳು ಸೇರುತ್ತಲೇ ಇರುತ್ತವೆ, ಎರಡು ವರ್ಷ ಬಿಟ್ಟು ಅದೇ ಸಂಗ್ರಹಕ್ಕೆ ಮರಳಿದಾಗ ಕಳೆದ ಸಲ ಯಾವ ವರ್ಷಗಳ ಪುಟಗಳು ಅಲ್ಲಿರಲಿಲ್ಲ ಎಂಬುದನ್ನು ಆ ಸಾಲೇ ನಿಮಗೆ ತಿಳಿಸುತ್ತದೆ, ಹುಡುಕಾಟವನ್ನು ಅಲ್ಲಿಂದಲೇ ಮುಂದುವರಿಸಬಹುದು.